ಡಿಸೋಜ, ಸೋಜ, ಡಿಸಾ: ಸ್ಮಶಾನದ ದಾಖಲೆ ನೋಡಿ ಒಂದೇ ಮನೆತನ ಅಂತ ಹೇಳಬಹುದೇ?

ಸ್ಮಶಾನದ ಕಲ್ಲುಗಳ ಫೋಟೋ ತೆಗೆದು ಪಟ್ಟಿ ಮಾಡಿ, ಡಿಸೋಜ, ಸೋಜ, ಡಿಸಾ ಎಲ್ಲ ಒಂದೇ ಮನೆತನ ಅಂತ ಹೇಳಬಹುದಾ ಅಂತ ಕೇಳಿದ್ದೀರಿ. ಹೇಳೋಕಾಗಲ್ಲ. ಸರ್‌ನೇಮ್ ಹಿಡಿದು ಹೊರಟರೆ ಬೇರೆ ಯಾರದೋ ಅಜ್ಜನನ್ನು ಮನೆಗೆ ಕರ್ಕೊಂಡು ಬರ್ತೀರಿ. ನಾನು ಕರ್ಕೊಂಡು ಬಂದಿದ್ದೇನೆ.

ನಮ್ಮದು ರೊಡ್ರಿಗಸ್. ಮಂಗಳೂರಿನಿಂದ ಸ್ವಲ್ಪ ಒಳಗಿನ ಹಳೇ ಇಗರ್ಜಿ, ಅಂದ್ರೆ ಚರ್ಚ್. ಅಜ್ಜನ ಅಜ್ಜನ ಹೆಸರು ಜುವಾಂವ್ ಅಂತ ಗೊತ್ತಿತ್ತು, ತೀರಿಕೊಂಡ ಇಸವಿ ಗೊತ್ತಿರಲಿಲ್ಲ. ಕುಟುಂಬದ ಗೋರಿಗೆ ಹೊಸ ಗ್ರಾನೈಟ್ ಕಲ್ಲು ಹಾಕಿಸುವ ಮಾತು ಬಂತು, ಇಸವಿ ಹುಡುಕುವ ಕೆಲಸ ನನ್ನ ಪಾಲಿಗೆ. ವಿಗಾರರು, ಅಂದ್ರೆ ಇಗರ್ಜಿಯ ಮುಖ್ಯ ಪಾದ್ರಿ, ಮರಣದ ರಿಜಿಸ್ಟರ್ ತೆಗೆದುಕೊಟ್ಟರು. ಹುಳ ತಿಂದ ಅಂಚು, ಕಂದಿದ ಶಾಯಿ, ಭಾಷೆ ಪೋರ್ಚುಗೀಸ್. ನನಗೆ ಹೆಸರು ಮತ್ತು ಇಸವಿ ಬಿಟ್ಟರೆ ಏನೂ ಓದೋಕೆ ಬರ್ತಿರಲಿಲ್ಲ, ಹಾಗಾಗಿ ಅಷ್ಟನ್ನೇ ಓದಿದೆ. ಜುವಾಂವ್ ರೊಡ್ರಿಗಸ್ ಸಿಕ್ಕೇಬಿಟ್ಟರು, ವಯಸ್ಸೂ ಹೊಂದುತ್ತಿತ್ತು. ಚಿಕ್ಕಪ್ಪನಿಗೆ ಫೋನ್ ಮಾಡಿದೆ, ಇಸವಿ ಕೆತ್ತಿಸಿದೆವು.

ತಪ್ಪಿದ್ದು ಎಲ್ಲಿ ಅಂದ್ರೆ, ಹೆಸರಿನ ಕೆಳಗಿನ ಸಾಲಿನಲ್ಲಿ. ಸತ್ತವರು ಯಾರ ಮಗ, ಯಾರ ಗಂಡ, ಹೆಂಡತಿ ಬದುಕಿದ್ದಾಳಾ ಇಲ್ಲವಾ, ಎಲ್ಲ ಅಲ್ಲೇ ಇತ್ತು. ಆ ಜುವಾಂವ್ ಸತ್ತಾಗ ಅವರ ಹೆಂಡತಿ ಇನ್ನೂ ಬದುಕಿದ್ದರು. ನಮ್ಮ ಅಜ್ಜನ ಅಜ್ಜಿಯೋ ಗಂಡನಿಗಿಂತ ಎಷ್ಟೋ ಮೊದಲೇ ಹೆರಿಗೆಯಲ್ಲಿ ತೀರಿಕೊಂಡವರು, ಇದು ಮನೆಯಲ್ಲಿ ಮಕ್ಕಳಿಗೂ ಗೊತ್ತು. ಓದಿಸಿದ್ದರೆ ಅಲ್ಲೇ ಸಿಕ್ಕಿಬೀಳ್ತಿತ್ತು. ಸುಮ್ನೆ ಖುಷಿಯಲ್ಲಿ ಪುಸ್ತಕ ಮುಚ್ಚಿದೆ.

ಕಲ್ಲು ನಿಂತ ಮೇಲೆ, ಪೋರ್ಚುಗೀಸ್ ಬಲ್ಲ ಒಬ್ಬ ಗೋವಾದ ಪಾದ್ರಿಗಳಿಗೆ ಫೋಟೋಗಳನ್ನು ತೋರಿಸಿದೆ. ನಿಜವಾದ ಅಜ್ಜ ಕೆಲವೇ ಪುಟ ಹಿಂದೆ ಇದ್ದರು. ಸರ್‌ನೇಮ್ ಜಾಗದಲ್ಲಿ ಆರ್, ಓ, ಐ, ಝಡ್, ನಾಲ್ಕೇ ಅಕ್ಷರ. ನಾನು ಅದನ್ನು ರೋಚ್ ಅಂತ ಓದಿ ನೋಟ್‌ಬುಕ್ಕಿನಲ್ಲಿ 'ರೋಚ್, ಬೇಡ' ಅಂತ ಬರೆದುಕೊಂಡಿದ್ದೆ! ಪೋರ್ಚುಗೀಸ್ ಬರವಣಿಗೆಯಲ್ಲಿ ರೊಡ್ರಿಗಸ್ ಅನ್ನು ಹೀಗೆ ಚಿಕ್ಕದು ಮಾಡೋದು ಮಾಮೂಲಂತೆ. ಫೆರ್ನಾಂಡಿಸ್ ಆದ್ರೆ ಎಫ್, ಆರ್, ಝಡ್. ಅಂದ್ರೆ ಪೂರ್ತಿ ಹೊಂದಿದ ಹೆಸರು ಪರರದ್ದು, ಹೊಂದದೇ ಇದ್ದದ್ದು ನಮ್ಮದು. ಚಿಕ್ಕಪ್ಪ ಇವತ್ತಿಗೂ ಆ ಕಲ್ಲು ಬದಲಿಸೋಕೆ ಒಪ್ಪಿಲ್ಲ, ದುಡ್ಡು ಕೊಟ್ಟವರು ಅವರು.

ಇನ್ನು ನಿಮ್ಮ ಪ್ರಶ್ನೆಯೇ ಸ್ವಲ್ಪ ಸೊಟ್ಟಗಿದೆ ಅನ್ಸುತ್ತೆ. ನಮ್ಮ ಕಡೆಯ ಕ್ರೈಸ್ತರ ಸರ್‌ನೇಮುಗಳು ಹಿಂದಿನವರಿಗೆ ಗೋವಾದಲ್ಲಿ ಜ್ಞಾನಸ್ನಾನದ, ಅಂದ್ರೆ ಕ್ರೈಸ್ತರಾಗುವ ವಿಧಿಯ, ಹೊತ್ತಿಗೆ ಬಂದವು. ಎಷ್ಟೋ ಸಲ ಅದು ಪಾದ್ರಿಯದ್ದೋ ಗಾಡ್‌ಫಾದರಿನದ್ದೋ ಸರ್‌ನೇಮ್. ರಕ್ತಸಂಬಂಧವೇ ಇಲ್ಲದವರೂ ಡಿಸೋಜ ಆದರು. ಮತಾಂತರಕ್ಕೆ ಮೊದಲಿನ ಪ್ರಭು, ಶೇಟ್, ಕಾಮತ್, ನಾಯಕ್ ಅನ್ನೋ ಹೆಸರನ್ನು ಕೆಲವು ಮನೆಗಳು ಇವತ್ತಿಗೂ ನೆನಪಿಟ್ಟಿವೆ. ಅದನ್ನು ನಿಮ್ಮ ಮನೆಯ ಹಿರಿಯರ ಹತ್ತಿರ ಮೊದಲು ಕೇಳಿ. ಮನೆ ಇದ್ದ ವಾಡೊ, ಅಂದ್ರೆ ಊರಿನ ಕೇರಿ, ಯಾವುದು ಅಂತಲೂ ಕೇಳಿ. ಇವೆರಡರ ಮುಂದೆ ಸರ್‌ನೇಮ್ ಒಂದೇ ಇದೆಯಾ ಅನ್ನೋದು ಏನೇನೂ ಅಲ್ಲ.

ಸ್ಮಶಾನದ ಕಲ್ಲುಗಳ ಫೋಟೋ ತೆಗೆದು ಪಟ್ಟಿ ಮಾಡ್ತೀನಿ ಅಂದಿದ್ದೀರಿ. ಬೇಡ ಅನ್ನಲ್ಲ, ಆದರೆ ಅದರಿಂದ ಶುರು ಮಾಡಬೇಡಿ. ಕಾಯಂ ಗೋರಿ ಕೊಂಡವರಿಗೆ ಮಾತ್ರ ಕಲ್ಲು ಉಳಿಯೋದು, ಉಳಿದವರ ಗುಂಡಿಯನ್ನು ವರ್ಷಗಳ ಮೇಲೆ ಮತ್ತೆ ಅಗೆದು ಇನ್ನೊಬ್ಬರನ್ನು ಮಣ್ಣು ಮಾಡ್ತಾರೆ. ಕಲ್ಲಿನ ಮೇಲಿರೋದು ಮೊಮ್ಮಕ್ಕಳು ಕೆತ್ತಿಸಿದ್ದು, ಅದು ಎಷ್ಟು ನಿಜ ಅಂತ ನಮ್ಮದೇ ಸಾಕ್ಷಿ. ಸ್ಮಶಾನಕ್ಕೆ ಹೋಗೋದಾದ್ರೆ ನವೆಂಬರ್ 2ಕ್ಕೆ ಹೋಗಿ. ಸತ್ತವರ ಹಬ್ಬ, ಎಲ್ಲರೂ ಮೇಣದ ಬತ್ತಿ ಹಿಡಿದು ಬಂದಿರ್ತಾರೆ, ಯಾರ ಗೋರಿ ಯಾರದ್ದರ ಮೇಲಿದೆ ಅಂತ ಮುದುಕಿಯರು ಬಾಯಿಪಾಠ ಹೇಳ್ತಾರೆ.

ರಿಜಿಸ್ಟರ್ ನೋಡುವಾಗ ಇಂಡೆಕ್ಸ್ ನಂಬಬೇಡಿ. ಡಿಸೋಜ ಒಂದು ಪುಸ್ತಕದಲ್ಲಿ 'ಡಿ' ಕೆಳಗಿರುತ್ತೆ, ಇನ್ನೊಂದರಲ್ಲಿ 'ಎಸ್' ಕೆಳಗೆ, ಹಳೆಯದ್ದರಲ್ಲಿ ಜ್ಞಾನಸ್ನಾನದ ಹೆಸರಿನ ಕೆಳಗೆ. ಪುಟ ಪುಟ ತಿರುವಿ. 1784ರಲ್ಲಿ ಟಿಪ್ಪು ಇಲ್ಲಿನ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ, ಇಗರ್ಜಿಗಳೂ ಬಿದ್ದವು, ಹಾಗಾಗಿ ಅದಕ್ಕಿಂತ ಹಿಂದಿನ ಪುಸ್ತಕದ ಆಸೆ ಜಾಸ್ತಿ ಇಟ್ಕೊಳ್ಬೇಡಿ. ನಿಮ್ಮ ಇಗರ್ಜಿ ಈಚಿನದ್ದಾದ್ರೆ, ಯಾವ ದೊಡ್ಡ ಇಗರ್ಜಿಯಿಂದ ಬೇರೆಯಾಯ್ತು ಅಂತ ಆಫೀಸಿನಲ್ಲಿ ಕೇಳಿ. ಹಳೇ ಪುಸ್ತಕ ಅಲ್ಲಿರುತ್ತೆ. ಭಾನುವಾರ ಮಾತ್ರ ಹೋಗಬೇಡಿ, ಪೂಜೆ ಮುಗಿದ ಮೇಲೆ ವಿಗಾರರಿಗೆ ಉಸಿರಾಡೋಕೂ ಪುರುಸೊತ್ತಿರಲ್ಲ.