ಬ್ಯಾಡಗಿ ಮೆಣಸಿನಕಾಯಿ ದಿಲ್ಲಿಗೆ: ಬಾಡಿಗೆ ಕೇಳುವ ಮುಂಚೆ ಕೇಳಬೇಕಾದ್ದು

ಪ್ರಶ್ನೆ: ಬ್ಯಾಡಗಿಯಲ್ಲಿ ನಮ್ಮದು ಸಣ್ಣ ಮೆಣಸಿನಕಾಯಿ ವ್ಯಾಪಾರ. ಇಷ್ಟು ವರ್ಷ ಮಾಲು ದೊಡ್ಡ ವ್ಯಾಪಾರಿಗಳ ಮೂಲಕವೇ ಹೋಗುತ್ತಿತ್ತು. ಈಗ ದಿಲ್ಲಿಯ ಖಾರಿ ಬಾವಲಿಯ ಒಬ್ಬರು ನೇರವಾಗಿ 10 ಟನ್ ಕೇಳಿದ್ದಾರೆ. ಹೆಚ್ಚುಕಡಿಮೆ 20 ಲಕ್ಷದ ಮಾಲು. ಮೂರು ಕಡೆ ಬಾಡಿಗೆ ವಿಚಾರಿಸಿದೆ, ಮೂರು ಥರ ಹೇಳಿದರು. ಒಬ್ಬರದಂತೂ ತೀರಾ ಕಡಿಮೆ. ಯಾವ ಗಾಡಿ ಹಿಡಿಯಲಿ? ಎಷ್ಟು ದಿನಕ್ಕೆ ಮುಟ್ಟುತ್ತದೆ? ಮಾಲಿಗೆ ಏನಾದರೂ ಆದರೆ ಯಾರು ಜವಾಬ್ದಾರಿ?
– ಹೆಸರು ಬೇಡ, ಬ್ಯಾಡಗಿ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯೇ ಮೊದಲು ಬರಬೇಕಿತ್ತು. ಎಲ್ಲರೂ ಬಾಡಿಗೆಯಿಂದ ಶುರು ಮಾಡುತ್ತಾರೆ. ಆದರೆ ಒಬ್ಬರು 80 ಸಾವಿರ, ಇನ್ನೊಬ್ಬರು 95 ಸಾವಿರ ಅಂದರೆ ಅವರಿಬ್ಬರೂ ಒಂದೇ ಕೆಲಸದ ರೇಟು ಹೇಳುತ್ತಿದ್ದಾರೆ ಅಂತ ಅಂದುಕೊಳ್ಳಬೇಡಿ. ಟೋಲು, ಹಮಾಲಿ, ತಾಡಪತ್ರಿ, ಹಾಲ್ಟಿಂಗ್ (ಗಾಡಿ ಕಾಯುತ್ತಾ ನಿಂತ ಹೊತ್ತಿನ ದುಡ್ಡು) ಯಾರ ಲೆಕ್ಕಕ್ಕೆ? ಮಾಲನ್ನು ದಿಲ್ಲಿಯಲ್ಲಿ ಎಲ್ಲಿ ಇಳಿಸುತ್ತಾರೆ? ಇವಿಷ್ಟು ಗೊತ್ತಾಗದೆ ರೇಟು ಹೋಲಿಸಿ ಉಪಯೋಗವಿಲ್ಲ.

ಇಳಿಸುವ ಜಾಗವನ್ನೇ ನೋಡಿ. ಖಾರಿ ಬಾವಲಿ ಇರುವುದು ಹಳೇ ದಿಲ್ಲಿಯ ಚಾಂದನಿ ಚೌಕದ ಪಕ್ಕ. ಹತ್ತು ಗಾಲಿಯ ಲಾರಿ ಆ ಸಂದಿಗೊಂದಿಗೆ ನುಗ್ಗುವ ಮಾತೇ ಇಲ್ಲ. ಹಗಲು ಹೊತ್ತು ನಗರದೊಳಗೆ ದೊಡ್ಡ ಗಾಡಿಗಳಿಗೆ ನೋ ಎಂಟ್ರಿ ಕಾಟ ಬೇರೆ. ಹಾಗಾಗಿ ಮಾಲು ಸಾಮಾನ್ಯವಾಗಿ ಊರ ಹೊರಗಿನ ಗೋಡೌನಿನಲ್ಲಿ ಇಳಿದು, ಅಲ್ಲಿಂದ ಸಣ್ಣ ಗಾಡಿಯಲ್ಲಿ ಅಂಗಡಿಗೆ ಹೋಗುತ್ತದೆ. ಆ ಎರಡನೇ ಬಾಡಿಗೆ, ಎರಡನೇ ಹಮಾಲಿ ಯಾರದ್ದು? ‘ದಿಲ್ಲಿ ಡೆಲಿವರಿ’ ಅಂತಷ್ಟೇ ಬರೆದುಕೊಂಡರೆ ಜಗಳ ಗ್ಯಾರಂಟಿ. ಕೊಳ್ಳುವವರಿಂದ ವಿಳಾಸ, ಪಿನ್‌ಕೋಡ್, ಇಳಿಸಿಕೊಳ್ಳುವ ಹೊತ್ತು, ಮೂರನ್ನೂ ವಾಟ್ಸಾಪಿನಲ್ಲಿ ತರಿಸಿಕೊಳ್ಳಿ. ಆಮೇಲೆ ಬಾಡಿಗೆ ಕೇಳಿ.

ಈಗ ಗಾಡಿಗೆ ಬರೋಣ. ಒಣ ಮೆಣಸಿನಕಾಯಿ ಹಗುರ ಮಾಲು ಅಂತ ನಿಮಗೆ ನಾನು ಹೇಳಬೇಕಿಲ್ಲ. ಜಾಗ ತುಂಬುತ್ತದೆ, ತೂಕ ತುಂಬುವುದಿಲ್ಲ. ಹತ್ತು ಗಾಲಿ ಲಾರಿಗೆ ಕಾನೂನು ಪ್ರಕಾರ ಗಾಡಿ, ಮಾಲು ಎಲ್ಲ ಸೇರಿ 28.5 ಟನ್ ಮಿತಿ. ಗಾಡಿಯ ತೂಕ ಕಳೆದರೂ 17-18 ಟನ್ ಹೊರುತ್ತದೆ. ಆದರೆ ನಿಮ್ಮ ಚೀಲಗಳು 10 ಟನ್ನಿಗೇ ಮೇಲಿನ ತನಕ ಬಂದಿರುತ್ತವೆ. ಬುಕಿಂಗ್ ಆಫೀಸಿನವರು ಟನ್ನಿಗೆ ಇಷ್ಟು ಅಂತ ಕಡಿಮೆ ರೇಟು ಹೇಳಿ, ಜೊತೆಗೆ ಮೆಲ್ಲಗೆ ‘ಕನಿಷ್ಠ 16 ಟನ್ ಗ್ಯಾರಂಟಿ’ ಅನ್ನುತ್ತಾರೆ. ಅಂದರೆ ಹೊತ್ತದ್ದು 10 ಟನ್, ದುಡ್ಡು 16 ಟನ್ನಿಗೆ. ನಿಮ್ಮ ಆ ತೀರಾ ಕಡಿಮೆ ರೇಟು ಈ ಜಾತಿಯದ್ದೇ ಇರಬಹುದು, ಕೇಳಿ ನೋಡಿ. ನಿಮ್ಮ ಮಾಲಿಗೆ ಇಡೀ ಗಾಡಿಗೆ ಇಷ್ಟು ಅಂತ ಮಾತಾಡುವುದೇ ಸರಿ.

32 ಅಡಿ ಕಂಟೇನರ್ ಕೂಡ ವಿಚಾರಿಸಿ. ಅದರಲ್ಲಿ ಎರಡು ಥರ ಇದೆ. ಸಿಂಗಲ್ ಆಕ್ಸಲ್ ಸುಮಾರು 7 ಟನ್ನಿಗೆ ಮುಗಿಯಿತು. ಮಲ್ಟಿ ಆಕ್ಸಲ್ 14-15 ಟನ್ ಹೊರುತ್ತದೆ. ನಿಮಗೆ ಬೇಕಾದ್ದು ಎರಡನೆಯದು. ಮಳೆಗಾಲದಲ್ಲಿ ನಾನು ಕಣ್ಣುಮುಚ್ಚಿ ಕಂಟೇನರೇ ಹೇಳುತ್ತೇನೆ. ಆದರೆ ಒಂದು ಷರತ್ತು. ಕಾಯಿ ಮುರಿಯದಿರಲಿ ಅಂತ ನೀರು ಚಿಮುಕಿಸುವ ರೂಢಿ ನಮ್ಮ ಕಡೆ ಇದೆ. ಅಂಥ ಮಾಲನ್ನು ಮುಚ್ಚಿದ ಕಂಟೇನರಿನಲ್ಲಿ ಒಂದು ವಾರ ಇಟ್ಟರೆ ಒಳಗೇ ಬೆವೆತು ಬೂಷ್ಟು ಹಿಡಿಯುತ್ತದೆ. ಇಡೀ ಒಣಮೆಣಸಿನಕಾಯಿಗೆ ಆಹಾರ ನಿಯಮದ ಪ್ರಕಾರ ತೇವಾಂಶ ಶೇ 11 ಮೀರಬಾರದು. ಲೋಡ್ ಮಾಡುವ ಮುಂಚೆ ಮೀಟರ್ ಹಚ್ಚಿ ನೋಡಿ, ರೀಡಿಂಗಿನ ಫೋಟೋ ಇಟ್ಟುಕೊಳ್ಳಿ. ಅಲ್ಲಿ ‘ಮಾಲು ಹಸಿ ಇತ್ತು’ ಅಂತ ದರ ಮುರಿಯಲು ಬಂದರೆ ತೋರಿಸಲು ಏನಾದರೂ ಬೇಕಲ್ವಾ?

ಬಾಡಿಗೆ ಇಳಿಸುವ ನ್ಯಾಯವಾದ ದಾರಿ ಒಂದಿದೆ. ರಾಜಸ್ಥಾನದ ಮಾರ್ಬಲ್, ಮೋರ್ಬಿಯ ಟೈಲ್ಸ್ ಇಳಿಸಿ ಹುಬ್ಬಳ್ಳಿಯಲ್ಲಿ ನಿಂತಿರುವ ಉತ್ತರದ ಗಾಡಿಗಳಿಗೆ ಊರ ಕಡೆ ಹೋಗಲು ಮಾಲು ಬೇಕಿರುತ್ತದೆ. ಆರ್‌ಜೆ, ಎಚ್‌ಆರ್ (ರಾಜಸ್ಥಾನ, ಹರಿಯಾಣ) ನಂಬರಿನ ಗಾಡಿ ಇದ್ದರೆ ಹೇಳಿ ಅಂತ ಬುಕಿಂಗ್ ಆಫೀಸಿನವರಿಗೆ ಎರಡು ದಿನ ಮುಂಚೆ ಹೇಳಿಡಿ. ಅವರಿಗೆ ಅದು ರಿಟರ್ನ್ ಲೋಡ್, ರೇಟಿನಲ್ಲಿ ಬಗ್ಗುತ್ತಾರೆ. ಇವತ್ತೇ ಲೋಡ್ ಆಗಬೇಕು ಅಂತ ಬೆಳಿಗ್ಗೆ ಫೋನ್ ಮಾಡಿದರೆ ಯಾರೂ ಬಗ್ಗುವುದಿಲ್ಲ. ಬಿಎಸ್-6 (ಹೊಸ ಮಾಲಿನ್ಯ ಮಾನದಂಡದ) ಗಾಡಿಯೇ ಕೇಳಿ, ಅದರಲ್ಲೂ ಚಳಿಗಾಲದಲ್ಲಿ. ದಿಲ್ಲಿಯ ಗಾಳಿ ತೀರಾ ಕೆಟ್ಟ ದಿನಗಳಲ್ಲಿ ಹಳೇ ಡೀಸೆಲ್ ಲಾರಿಗಳನ್ನು ಗಡಿಯಲ್ಲೇ ತಡೆಯುತ್ತಾರೆ.

ದಿನದ ಲೆಕ್ಕ ಹೀಗೆ. ಮೋಟೆಬೆನ್ನೂರಿನಲ್ಲಿ ನೀವು ಹಿಡಿಯುವ ಹೆದ್ದಾರಿ 48 ಬೆಳಗಾವಿ, ಪುಣೆ, ಸೂರತ್, ಉದಯಪುರ, ಜೈಪುರದ ಮೇಲೆ ನೇರ ದಿಲ್ಲಿಗೇ ಹೋಗುತ್ತದೆ. ಸುಮಾರು 2,000 ಕಿ.ಮೀ. ಕೆಲವು ಡ್ರೈವರ್‌ಗಳು ಹುಬ್ಬಳ್ಳಿಯಿಂದ ಹೆದ್ದಾರಿ 52 ಹಿಡಿದು ವಿಜಯಪುರ, ಸೊಲ್ಲಾಪುರ, ಇಂದೋರ್ ಮೇಲೆ ಹೋಗುತ್ತಾರೆ. ದಾರಿ ಅವರಿಗೇ ಬಿಡಿ. ಒಬ್ಬನೇ ಡ್ರೈವರ್ ಇದ್ದರೆ ದಿನಕ್ಕೆ 300ರಿಂದ 350 ಕಿ.ಮೀ. ಅಂತ ಹಿಡಿಯಿರಿ. ಕಾನೂನಿನಲ್ಲೂ ಚಾಲಕನಿಗೆ ದಿನಕ್ಕೆ 8 ತಾಸು ಕೆಲಸ, 5 ತಾಸಿಗೊಮ್ಮೆ ಅರ್ಧ ತಾಸು ವಿಶ್ರಾಂತಿ ಅಂತ ಇದೆ. ಹಾಗಾಗಿ ಆರೇಳು ದಿನ. ‘ನಾಲ್ಕೇ ದಿನಕ್ಕೆ ಮುಟ್ಟಿಸ್ತೀವಿ’ ಅಂದವರನ್ನು ಗಾಡಿಯಲ್ಲಿ ಇಬ್ಬರು ಡ್ರೈವರ್ ಇದ್ದಾರಾ ಅಂತ ಕೇಳಿ. ಇಲ್ಲ ಅಂದರೆ ನಿಮ್ಮ 20 ಲಕ್ಷದ ಮಾಲನ್ನು ನಿದ್ದೆಗೆಟ್ಟವನ ಕೈಗೆ ಕೊಡುತ್ತಿದ್ದೀರಿ. ಕೊಳ್ಳುವವರಿಗೆ ಎಂಟು ದಿನ ಅಂತಲೇ ಹೇಳಿ.

ಇನ್ನು ಜವಾಬ್ದಾರಿ. ‘ಲಾರಿಗೆ ಇನ್ಶೂರೆನ್ಸ್ ಇದೆ, ಚಿಂತೆ ಬೇಡ’ ಅನ್ನುತ್ತಾರೆ. ಅದು ಲಾರಿಗೆ ಮತ್ತು ಲಾರಿ ಗುದ್ದಿದವರಿಗೆ, ಒಳಗಿರುವ ನಿಮ್ಮ ಚೀಲಗಳಿಗಲ್ಲ. 2007ರ ರಸ್ತೆ ಸಾಗಣೆ ಕಾಯ್ದೆ ಮತ್ತು ಅದರ ನಿಯಮಗಳ ಪ್ರಕಾರ, ಜಾಸ್ತಿ ಹೊಣೆ ಹೊರಲು ಬರೆದು ಒಪ್ಪಿಕೊಂಡಿರದಿದ್ದರೆ, ಸಾಗಿಸುವವರು ಮಾಲಿನ ನಷ್ಟಕ್ಕೆ ಕೊಡಬೇಕಾದ್ದು ಬಾಡಿಗೆಯ 10 ಪಟ್ಟಿನವರೆಗೆ ಮಾತ್ರ. ಬಾಡಿಗೆ 90 ಸಾವಿರ ಅಂತಿಟ್ಟುಕೊಳ್ಳಿ. 9 ಲಕ್ಷಕ್ಕೆ ಅವರ ಕೆಲಸ ಮುಗಿಯಿತು. ಉಳಿದ 11 ಲಕ್ಷ? ಅದಕ್ಕೇ ನಿಮ್ಮ ಹೆಸರಿನಲ್ಲಿ ಟ್ರಾನ್ಸಿಟ್ ಇನ್ಶೂರೆನ್ಸ್ ಬೇಕು. ಅದರಲ್ಲೂ ಕ್ಲಾಝ್ (ಷರತ್ತು) ‘ಎ’ ಇರುವುದನ್ನು ತೆಗೆದುಕೊಳ್ಳಿ. ‘ಬಿ’ ಅಗ್ಗ, ಆದರೆ ಬೆಂಕಿ, ಗಾಡಿ ಪಲ್ಟಿಯಂಥ ದೊಡ್ಡ ಅವಘಡಗಳಿಗೆ ಮಾತ್ರ. ಮೆಣಸಿನಕಾಯಿಗೆ ಹೆಚ್ಚು ಹೊಡೆತ ಕೊಡುವುದು ಮಳೆ ನೀರು ಮತ್ತು ಕಳವು, ಪಲ್ಟಿಯಲ್ಲ.

ಲೋಡಿಂಗಿನ ದಿನ ನೀವೇ ನಿಲ್ಲಿ, ಹುಡುಗನನ್ನು ಕಳಿಸಬೇಡಿ. ಗಾಡಿ ಬಂದ ಕೂಡಲೇ ಖಾಲಿ ಗಾಡಿಯೊಳಗೆ ಹತ್ತಿ ಮೂಸಿ ನೋಡಿ. ಹಿಂದಿನ ಟ್ರಿಪ್ಪಿನಲ್ಲಿ ಗೊಬ್ಬರವೋ ಔಷಧವೋ ಹೊತ್ತಿದ್ದರೆ ಹಲಗೆ ವಾಸನೆ ಹೊಡೆಯುತ್ತದೆ. ಆ ವಾಸನೆ ಕಾಯಿಗೆ ಹತ್ತಿದರೆ ಮಸಾಲೆ ವ್ಯಾಪಾರಿ ಚೀಲ ಬಿಚ್ಚಿದ ಕೂಡಲೇ ಹಿಡಿಯುತ್ತಾನೆ. ಅಂಥ ಗಾಡಿ ವಾಪಸ್ ಕಳಿಸಿ, ಒಂದು ದಿನ ತಡವಾದರೂ ಆಗಲಿ. ಕಂಟೇನರ್ ಆದರೆ ಒಳಗೆ ನಿಂತು ಬಾಗಿಲು ಹಾಕಿಸಿ. ಎಲ್ಲಿ ಬೆಳಕು ಕಾಣುತ್ತದೋ ಅಲ್ಲಿ ನೀರೂ ಬರುತ್ತದೆ. ಓಪನ್ ಗಾಡಿಯಾದರೆ ಕೆಳಗೊಂದು ತಾಡಪತ್ರಿ, ಮೇಲೆ ಎರಡು. ಮೇಲಿನದು ಕ್ಯಾಬಿನ್ ಕಡೆಯಿಂದ ಹಿಂದಕ್ಕೆ ಇಳಿಯುವಂತೆ ಮಡಚಿರಬೇಕು, ಇಲ್ಲದಿದ್ದರೆ ಗಾಡಿ ಓಡುವಾಗ ಮಡಿಕೆಯೊಳಗೆ ಗಾಳಿ ಹೊಕ್ಕು ಹರಿಯುತ್ತದೆ. ಹಮಾಲರಿಗೆ ಕೊಕ್ಕೆ ಹಚ್ಚಬೇಡಿ ಅಂತ ಮೊದಲೇ ಹೇಳಿ, ನಾಲ್ಕು ಕಾಸು ಜಾಸ್ತಿ ಕೊಟ್ಟರೂ ನಷ್ಟವಿಲ್ಲ. ಕಾಟಾ (ಗಾಡಿಯ ತೂಕ) ಮಾಡಿಸಿ. ಎಲ್‌ಆರ್‌ನಲ್ಲಿ (ಲಾರಿ ರಸೀದಿ) ಚೀಲದ ಸಂಖ್ಯೆ, ತೂಕ, ಮಾಲಿನ ಕಿಮ್ಮತ್ತು, ಗಾಡಿ ನಂಬರ್, ಬಾಡಿಗೆಯಲ್ಲಿ ಅಡ್ವಾನ್ಸ್ ಎಷ್ಟು, ಬ್ಯಾಲೆನ್ಸ್ ಎಷ್ಟು, ಹಾಲ್ಟಿಂಗ್ ಯಾವಾಗಿಂದ, ಎಲ್ಲ ಇರಲಿ. ಇಳಿಸುವಾಗ ಚೀಲ ಕಡಿಮೆ ಬಂದರೆ ಅಥವಾ ನೆನೆದಿದ್ದರೆ ಅದೇ ಎಲ್‌ಆರ್ ಪ್ರತಿಯ ಮೇಲೆ ಬರೆದು ಡ್ರೈವರ್ ಸಹಿ ಹಾಕಿಸಿಕೊಳ್ಳುವಂತೆ ದಿಲ್ಲಿಯವರಿಗೆ ಹೇಳಿರಿ. ಮುಂದೆ ಕೋರ್ಟಿಗೆ ಹೋಗಬೇಕಾದರೆ ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಕೊಟ್ಟಿರಲೇಬೇಕು.

ಕಾಗದ: ಜಿಎಸ್‌ಟಿ ಬಿಲ್ಲು, ಎಲ್‌ಆರ್, ಇ-ವೇ ಬಿಲ್ (ಮಾಲು ಸಾಗಿಸಲು ಆನ್‌ಲೈನಿನಲ್ಲಿ ತೆಗೆಯುವ ಜಿಎಸ್‌ಟಿ ಚೀಟಿ), ಇನ್ಶೂರೆನ್ಸ್ ಪ್ರತಿ.

ಪ್ರಶ್ನೆ: ತಾರಿಹಾಳದಲ್ಲಿ ನಮ್ಮ ವರ್ಕ್‌ಶಾಪ್ ಇದೆ. ಕೋಲ್ಕತ್ತಾಗೆ 800 ಕೆ.ಜಿ. ವಾಲ್ವ್ ಬಿಡಿಭಾಗ ಕಳಿಸಬೇಕು. ಪಾರ್ಟ್ ಲೋಡ್ (ಬೇರೆಯವರ ಮಾಲಿನ ಜೊತೆ ಕಳಿಸುವುದು) ಸಾಕಾ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಧಾರಾಳ ಸಾಕು. 800 ಕೆ.ಜಿ.ಗೆ ಇಡೀ ಗಾಡಿ ಹಿಡಿಯುವುದು ಸುಮ್ನೆ ದುಡ್ಡು ದಂಡ. ಆದರೆ ಪಾರ್ಟ್ ಲೋಡ್ ಮಾಲು ಒಂದೇ ಗಾಡಿಯಲ್ಲಿ ಹೋಗುವುದಿಲ್ಲ, ದಾರಿಯ ಗೋಡೌನುಗಳಲ್ಲಿ ಇಳಿದು ಹತ್ತುತ್ತದೆ. ಪ್ರತಿ ಸಲ ಇಳಿಸುವಾಗಲೂ ಎತ್ತಿ ಒಗೆಯುತ್ತಾರೆ. ರಟ್ಟಿನ ಡಬ್ಬ ಬೇಡ, ಕಟ್ಟಿಗೆ ಪೆಟ್ಟಿಗೆ ಮಾಡಿಸಿ. ಒಂದೇ ದೊಡ್ಡ ಪೆಟ್ಟಿಗೆಯೂ ಬೇಡ, ಅದಕ್ಕೆ ಅಲ್ಲಿ ಹೈಡ್ರಾ (ಕ್ರೇನ್) ಕರೆಸಬೇಕಾಗುತ್ತದೆ. ಇಬ್ಬರು ಎತ್ತುವಷ್ಟು ಭಾರದ ಪೆಟ್ಟಿಗೆಗಳು ಸಾಕು, ಪ್ರತಿಯೊಂದರ ಮೇಲೂ ‘12ರಲ್ಲಿ 3’ ಅಂತ ನಂಬರ್ ಬರೆಸಿ. ಗೋಡೌನ್ ಡೆಲಿವರಿ ಆದರೆ ಮಾಲು ಬಂದ ಸುದ್ದಿ ಕೊಳ್ಳುವವರಿಗೆ ತಡವಾಗಿ ಮುಟ್ಟಿ ಡೆಮರೇಜ್ (ಗೋಡೌನಿನಲ್ಲಿ ಉಳಿದ ದಿನಗಳ ದಂಡ) ಏರುವುದುಂಟು. ಡೋರ್ ಡೆಲಿವರಿಯೇ ಒಳ್ಳೆಯದು.

ಪ್ರಶ್ನೆ: ನಮ್ಮ ಮಾಲಿನ ಲಾರಿ ಉದಯಪುರದ ಹತ್ತಿರ ಕೆಟ್ಟು ನಿಂತಿದೆ. ಇ-ವೇ ಬಿಲ್ ನಾಳೆ ರಾತ್ರಿ ಮುಗಿಯುತ್ತದೆ. ಏನು ಮಾಡಲಿ?
– ಓದುಗರೊಬ್ಬರು, ರಾಣೇಬೆನ್ನೂರು

ಉತ್ತರ: ಗಾಬರಿ ಬೇಡ, ಆದರೆ ಮರೆತು ಮಲಗಬೇಡಿ. ಅವಧಿ ಮುಗಿಯುವ 8 ತಾಸು ಮುಂಚಿನಿಂದ, ಮುಗಿದ 8 ತಾಸಿನವರೆಗೆ ಅದನ್ನು ವಿಸ್ತರಿಸಬಹುದು. ನಿಮಗೆ ಅಂದರೆ ನಾಳೆ ಸಂಜೆ 4ರಿಂದ ನಾಡಿದ್ದು ಬೆಳಿಗ್ಗೆ 8ರವರೆಗೆ. ಸದ್ಯ ಗಾಡಿ ಇರುವ ಜಾಗದ ಪಿನ್‌ಕೋಡ್, ಕಾರಣ ಹಾಕಬೇಕು. ಡ್ರೈವರ್‌ನಿಂದ ಕೆಟ್ಟ ಗಾಡಿಯ ಫೋಟೋ, ಗ್ಯಾರೇಜಿನ ಚೀಟಿ ತರಿಸಿಟ್ಟುಕೊಳ್ಳಿ. ಮಾಲನ್ನು ಬೇರೆ ಗಾಡಿಗೆ ಹಾಕಿದರೆ ಅದು ಹೊರಡುವ ಮುಂಚೆ ಬಿಲ್ಲಿನ ಪಾರ್ಟ್ ಬಿಯಲ್ಲಿ (ಗಾಡಿ ನಂಬರ್ ಇರುವ ಭಾಗ) ಹೊಸ ನಂಬರ್ ಹಾಕಿ.

ಇ-ವೇ ಬಿಲ್ ಅವಧಿಯ ಸಾಮಾನ್ಯ ಲೆಕ್ಕ ಎಲ್ಲರಿಗೂ ತಿಳಿದಿರಲಿ. 2021ರ ಜನವರಿಯಿಂದ 200 ಕಿ.ಮೀ.ಗೆ ಒಂದು ದಿನ. 2,000 ಕಿ.ಮೀ. ಇದ್ದರೆ 10 ದಿನ, ಒಂದು ಕಿ.ಮೀ. ಜಾಸ್ತಿಯಾದರೂ 11. ಸೋಮವಾರ ಗಾಡಿ ನಂಬರ್ ಹಾಕಿದರೆ ಮೊದಲ ದಿನ ಮುಗಿಯುವುದು ಮಂಗಳವಾರ ಮಧ್ಯರಾತ್ರಿ. ಲೆಕ್ಕ ಶುರುವಾಗುವುದು ಪಾರ್ಟ್ ಬಿ ತುಂಬಿದಾಗ, ಹಾಗಾಗಿ ಗಾಡಿ ಬಾಗಿಲಿಗೆ ಬರುವ ತನಕ ಅದನ್ನು ಮುಟ್ಟಬೇಡಿ. ಅವಧಿ ಮುಗಿದ ಬಿಲ್ಲಿನೊಂದಿಗೆ ಸಿಕ್ಕಿಬಿದ್ದರೆ ದಂಡ ತೆರಿಗೆಯ ಎರಡು ಪಟ್ಟು. ಶೇ 5ರ ತೆರಿಗೆಯಿರುವ 20 ಲಕ್ಷದ ಮಾಲಿಗೆ 2 ಲಕ್ಷ. ನಾಳೆ 4 ಗಂಟೆಗೆ ಮೊಬೈಲಿನಲ್ಲಿ ಅಲಾರಾಂ ಇಡಿ.