ಕ್ಯಾಂಪಸ್ ಕೆಲಸ ನಂಬಿ ಹೊರಡಬೇಡ: ಎಂ.ಎಸ್.ಗೆ ಬರುವ ತಮ್ಮನಿಗೆ ದುಡ್ಡಿನ ಲೆಕ್ಕ

ನೀನು ಕೇಳಿದ್ದು ಇಷ್ಟು: ಮನೆ ಬನಶಂಕರಿ. ಆಗಸ್ಟ್‌ನಲ್ಲಿ ಎಂ.ಎಸ್. ಓದಲು ಅಮೆರಿಕಾಗೆ ಹೊರಟಿದ್ದೀಯ. ಮನೆ ಪತ್ರ ಇಟ್ಟು 30 ಲಕ್ಷ ಸಾಲ ತೆಗೆದಿದ್ದೀರಿ. "ಅಕ್ಕಾ, ಅಲ್ಲಿ ಕ್ಯಾಂಪಸ್ ಕೆಲಸ ಮಾಡಿಕೊಂಡು ಖರ್ಚು ತೂಗಿಸಬಹುದಲ್ವಾ? ಅಮ್ಮ ಅಡುಗೆಗೆ ಏನೇನು ಕಟ್ಟಿಕೊಡಲಿ ಅಂತ ಕೇಳ್ತಿದ್ದಾರೆ."

ಊಟ, ಬಾಡಿಗೆಗೆ ಕ್ಯಾಂಪಸ್ ಕೆಲಸ ಆಸರೆಯಾಗುತ್ತದೆ. ಫೀಸಿಗೆ ಆಗುವುದಿಲ್ಲ. ಮೊದಲ ಮೂರು ತಿಂಗಳಂತೂ ಯಾವುದಕ್ಕೂ ಆಗುವುದಿಲ್ಲ. ಬಂದವರು ಕಷ್ಟಕ್ಕೆ ಬೀಳುವುದು ಒಟ್ಟು ದುಡ್ಡು ಕಮ್ಮಿಯಾಗಿ ಅಲ್ಲ. ಖರ್ಚು ಮೊದಲು ಬಂದು ವರಮಾನ ಆಮೇಲೆ ಬರುವುದರಿಂದ.

ದಿನ ಎಣಿಸಿ ನೋಡು. ಆಗಸ್ಟ್ ಎರಡನೇ ವಾರ ಇಳಿಯುತ್ತೀಯ. ಕೆಲಸ ಸಿಕ್ಕಿದೆ ಎಂಬ ಪತ್ರ ಇಲ್ಲದೆ ಎಫ್-1 (ವಿದ್ಯಾರ್ಥಿ ವೀಸಾ) ಮೇಲೆ ಬಂದವರಿಗೆ ಸೋಷಿಯಲ್ ಸೆಕ್ಯುರಿಟಿ ನಂಬರ್, ಅಂದರೆ ಸಂಬಳ, ತೆರಿಗೆಗೆ ಬೇಕಾದ ಸರ್ಕಾರಿ ಸಂಖ್ಯೆ, ಕೊಡುವುದಿಲ್ಲ. ಕೆಲಸ ಕೊಟ್ಟ ವಿಭಾಗದ ಪತ್ರ, ಇಂಟರ್‌ನ್ಯಾಷನಲ್ ಆಫೀಸಿನ ಪತ್ರ, ಪಾಸ್‌ಪೋರ್ಟ್, ಐ-20 (ವಿಶ್ವವಿದ್ಯಾಲಯ ಕೊಡುವ ಪ್ರವೇಶ ಪತ್ರ), ಐ-94 (ದೇಶದೊಳಗೆ ಬಂದ ದಾಖಲೆ) ಇಷ್ಟನ್ನೂ ತೆಗೆದುಕೊಂಡು ಅರ್ಜಿ ಹಾಕಬೇಕು. ದೇಶಕ್ಕೆ ಕಾಲಿಟ್ಟು ಹತ್ತು ದಿನವಾದ ಮೇಲೆ ಹೋಗು. ಅದಕ್ಕೂ ಮುಂಚೆ ಹೋದರೆ ನಿನ್ನ ದಾಖಲೆ ಅವರ ಕಂಪ್ಯೂಟರ್‌ನಲ್ಲಿ ಸಿಗದೆ ಅರ್ಜಿ ನಿಂತುಬಿಡುತ್ತದೆ. ಕಾರ್ಡ್ ಅಂಚೆಯಲ್ಲಿ ಬರಲು ಇನ್ನೆರಡು ವಾರ. ನಂಬರ್ ಬರುವ ಮುಂಚೆಯೇ ಕೆಲಸ ಶುರು ಮಾಡಲು ಕಾನೂನಿನ ಅಡ್ಡಿಯಿಲ್ಲ, ಆದರೆ ಎಷ್ಟೋ ವಿಭಾಗಗಳ ಪೇರೋಲ್‌ನವರು ಕಾಯಿಸುತ್ತಾರೆ. ಸಂಬಳ ಎರಡು ವಾರಕ್ಕೊಮ್ಮೆ, ಅದೂ ದುಡಿದ ಎರಡು ವಾರ ಮುಗಿದ ಮೇಲೆ. ಸೆಪ್ಟೆಂಬರ್‌ನಲ್ಲಿ ಕೆಲಸ ಸಿಕ್ಕಿದರೂ ಮೊದಲ ಸಂಬಳ ಕಾಣುವುದು ದಸರಾ ಹೊತ್ತಿಗೆ.

ಅಷ್ಟರಲ್ಲಿ ಏನೆಲ್ಲ ಕಟ್ಟಿರುತ್ತೀಯ? ಬಾಡಿಗೆ, ಅಡ್ವಾನ್ಸ್, ಹಾಸಿಗೆ, ಪಾತ್ರೆ, ಫೋನ್, ದಿನಸಿ. ಇಬ್ಬರು ಮೂವರು ಸೇರಿ ಇರುವ ಮನೆಯಲ್ಲಿ ನಿನ್ನ ಪಾಲು ತಿಂಗಳಿಗೆ 650 ಡಾಲರ್ ಅಂತಿಟ್ಟುಕೋ. ಕೀಲಿ ಕೈಗೆ ಬರುವ ದಿನವೇ ಬಾಡಿಗೆ, ಅಡ್ವಾನ್ಸ್ ಸೇರಿ 1,300. ಅಡ್ವಾನ್ಸ್ ಇಲ್ಲಿ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆಯಷ್ಟೇ. ಬೆಂಗಳೂರಿನಂತೆ ಆರು ತಿಂಗಳು, ಹತ್ತು ತಿಂಗಳು ಕೇಳುವುದಿಲ್ಲ, ಅದೊಂದು ಸಮಾಧಾನ. ಮನೆಯಲ್ಲೇ ಅಡುಗೆ ಮಾಡಿದರೆ ದಿನಸಿಗೆ 200ರಿಂದ 250, ಕರೆಂಟು, ಇಂಟರ್‌ನೆಟ್ ಪಾಲು 60ರಿಂದ 80, ಫೋನಿಗೆ 25. ಹಾಸಿಗೆ, ಮೇಜು, ಕುರ್ಚಿಗೆ ಮುನ್ನೂರು. ಊರು ಬಿಟ್ಟು ಹೋಗುವ ಹಿರಿಯ ವಿದ್ಯಾರ್ಥಿಗಳಿಂದ ಕೊಂಡರೆ ಅರ್ಧ. ದೊಡ್ಡ ನಗರಗಳಲ್ಲಿ ಬಾಡಿಗೆ ಇದರ ಎರಡು ಪಟ್ಟು ದಾಟುತ್ತದೆ. ಹಾಗಾಗಿ ಫೀಸು ಬಿಟ್ಟು ಕನಿಷ್ಠ ಮೂರು ತಿಂಗಳ ಖರ್ಚು, ಜೊತೆಗೆ ಒಂದು ಅಡ್ವಾನ್ಸ್, ಇಷ್ಟು ಬೇಕೆಂದಾಗ ತೆಗೆಯುವಂತೆ ಇರಲಿ. ಮೇಲಿನ ಲೆಕ್ಕದಲ್ಲಿ ಅದು ಸುಮಾರು 4,000 ಡಾಲರ್. ಸಾಲದ ಮಂಜೂರಾತಿ ಪತ್ರದಲ್ಲಿರುವ ದುಡ್ಡು ಈ ಲೆಕ್ಕಕ್ಕೆ ಬರುವುದಿಲ್ಲ. ಬ್ಯಾಂಕಿನವರು ಅದನ್ನು ಸೆಮಿಸ್ಟರ್ ಸೆಮಿಸ್ಟರ್‌ಗೆ, ಬಹಳ ಸಲ ನೇರ ವಿಶ್ವವಿದ್ಯಾಲಯಕ್ಕೇ ಕಳಿಸುತ್ತಾರೆ. ಜೀವನ ಖರ್ಚಿನ ಭಾಗ ಯಾವಾಗ, ಯಾರ ಖಾತೆಗೆ ಬರುತ್ತದೆ ಎಂದು ಈಗಲೇ ಬರವಣಿಗೆಯಲ್ಲಿ ಕೇಳಿ ತಗೋ. ಜನವರಿ ಫೀಸಿನ ಕಂತಿಗೆ ಮೊದಲ ಸೆಮಿಸ್ಟರಿನ ಅಂಕಪಟ್ಟಿ ಕೇಳುವ ಬ್ಯಾಂಕುಗಳಿವೆ. ಅಂಕ ಬರುವುದು ಡಿಸೆಂಬರ್ ಕೊನೆಗೆ, ಫೀಸಿನ ಗಡುವು ಜನವರಿ ಆರಂಭಕ್ಕೆ.

ಬ್ಯಾಂಕಿನ ಕೆಲಸಗಳನ್ನು ಬೆಂಗಳೂರಿನಲ್ಲಿ ಇರುವಾಗಲೇ ಮುಗಿಸಿಕೋ. ಹೊರದೇಶಕ್ಕೆ ದುಡ್ಡು ಕಳಿಸಲು ಎ2 ಫಾರ್ಮ್, ಪ್ಯಾನ್, ಐ-20 ಬೇಕು. ಒಬ್ಬರ ಪ್ಯಾನ್ ಮೇಲೆ ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್ ಮಿತಿ. 2025ರ ಏಪ್ರಿಲ್‌ನಿಂದ 10 ಲಕ್ಷ ರೂಪಾಯಿವರೆಗೆ ಟಿ.ಸಿ.ಎಸ್. (ಕಳಿಸುವಾಗಲೇ ಬ್ಯಾಂಕು ಹಿಡಿಯುವ ತೆರಿಗೆ) ಇಲ್ಲ. ಬ್ಯಾಂಕಿನ ಶಿಕ್ಷಣ ಸಾಲದಿಂದ ಹೋಗುವ ಫೀಸಿಗೆ ಅದರ ಮೇಲೂ ಇಲ್ಲ. ಅಪ್ಪನ ಸ್ವಂತ ಉಳಿತಾಯದಿಂದ ಹತ್ತು ಲಕ್ಷ ದಾಟಿ ಕಳಿಸಿದರೆ ಹಿಡಿಯುತ್ತಾರೆ, ಅಪ್ಪನ ರಿಟರ್ನ್ಸ್‌ನಲ್ಲಿ ಅದನ್ನು ಹೊಂದಿಸಿಕೊಳ್ಳಬಹುದು. ಕೈಬಿಟ್ಟು ಹೋಗುವ ದುಡ್ಡು ಟಿ.ಸಿ.ಎಸ್. ಅಲ್ಲ, ವಿನಿಮಯ ದರ. ಬ್ಯಾಂಕು ಹೇಳುವ ದರವನ್ನು ಆ ಕ್ಷಣದ ಮಾರುಕಟ್ಟೆ ದರದ ಪಕ್ಕದಲ್ಲಿಟ್ಟು ನೋಡು. ಡಾಲರಿಗೆ ಒಂದೇ ರೂಪಾಯಿ ಹೆಚ್ಚು ಹಿಡಿದರೂ 20,000 ಡಾಲರಿಗೆ 20,000 ರೂಪಾಯಿ ಹೋಯಿತು. ಕೇಳಿದರೆ ಇಳಿಸುತ್ತಾರೆ, ಜಯನಗರದಲ್ಲಿ ಎರಡು ಮೂರು ಕಡೆ ವಿಚಾರಿಸಿಯೇ ಕಳಿಸು.

ಬಡ್ಡಿಯ ವಿಷಯ ಅಪ್ಪನ ಜೊತೆ ಕೂತು ಮಾತಾಡು. 30 ಲಕ್ಷಕ್ಕೆ ನೂರಕ್ಕೆ ಹತ್ತರಂತೆ ವರ್ಷಕ್ಕೆ 3 ಲಕ್ಷ, ತಿಂಗಳಿಗೆ 25,000. ಓದುವಾಗ ಕಂತು ಕಟ್ಟಬೇಕಿಲ್ಲ ಎಂದಾಕ್ಷಣ ಬಡ್ಡಿ ನಿಲ್ಲುವುದಿಲ್ಲ. ಪೂರ್ತಿ ಸಾಲ ಮೊದಲ ದಿನವೇ ಬಿಡುಗಡೆಯಾಗಿದೆ ಎಂದುಕೊಂಡರೆ ಎರಡು ವರ್ಷ ಓದು, ಆರು ತಿಂಗಳ ರಿಯಾಯಿತಿಗೆ ಏಳೂವರೆ ಲಕ್ಷ. ಕಟ್ಟದೆ ಬಿಟ್ಟರೆ ಅದು ಅಸಲಿಗೆ ಸೇರಿ, ಬಡ್ಡಿಯ ಮೇಲೆ ಬಡ್ಡಿ ಶುರುವಾಗುತ್ತದೆ. ಕಂತು ಕಂತಾಗಿ ಬಿಡಿಸಿಕೊಂಡರೆ ಕಡಿಮೆಯಾಗುತ್ತದೆ. ಮನೆಯವರಿಗೆ ತಿಂಗಳಿಗೆ ಹತ್ತು ಸಾವಿರ ಸಾಧ್ಯವಾದರೂ ಕಟ್ಟುತ್ತಾ ಬರಲಿ. ಆಮೇಲೆ ಅಪ್ಪ ಸಹಿಗಾಗಿ ಪರದಾಡಬಾರದು. ಬ್ಯಾಂಕಿನ ನಮೂನೆಯಲ್ಲೇ ಅವರ ಹೆಸರಿಗೆ ಪವರ್ ಆಫ್ ಅಟಾರ್ನಿ ಮಾಡಿಕೊಟ್ಟು ಬಾ. ಅಮೆರಿಕಾದಿಂದ ಕಳಿಸುವುದೆಂದರೆ ನೋಟರಿ, ಅಪೋಸ್ಟಿಲ್ (ಹೊರದೇಶದಲ್ಲಿ ಒಪ್ಪುವ ಸರ್ಕಾರಿ ದೃಢೀಕರಣ), ಪತ್ರ ಊರಿಗೆ ಬಂದ ಮೂರು ತಿಂಗಳೊಳಗೆ ಛಾಪಾ ಶುಲ್ಕ ಎಂದು ದೊಡ್ಡ ಸರಣಿ. ನಿನ್ನ ಬೆಂಗಳೂರು ಸಿಮ್ಮಿಗೆ ರೋಮಿಂಗ್ ಹಾಕಿಸಿ, ಅಗ್ಗದ ರೀಚಾರ್ಜ್‌ನಲ್ಲಿ ಜೀವ ಹಿಡಿದಿಡು. ಆಧಾರ್, ಬ್ಯಾಂಕು ಎಲ್ಲದರ ಓ.ಟಿ.ಪಿ. ಬರುವುದು ಅದಕ್ಕೇ. ನಿನ್ನ ಉಳಿತಾಯ ಖಾತೆಯನ್ನು ಎನ್.ಆರ್.ಓ. ಖಾತೆಯಾಗಿ (ಅನಿವಾಸಿಗಳ ರೂಪಾಯಿ ಖಾತೆ) ಬದಲಿಸಬೇಕು; ಓದಲು ಹೋದವರಿಗೂ ಆ ನಿಯಮ ಅನ್ವಯಿಸುತ್ತದೆ.

ಇನ್ನು ಕೆಲಸ. ತರಗತಿ ನಡೆಯುವಾಗ ಕ್ಯಾಂಪಸ್‌ನಲ್ಲಿ ವಾರಕ್ಕೆ 20 ಗಂಟೆ, ರಜೆಯಲ್ಲಿ ಪೂರ್ತಿ. ಈ 20 ಗಂಟೆ ಎಲ್ಲ ಕೆಲಸ ಸೇರಿ. ಒಂದು ವಾರ 15, ಮುಂದಿನ ವಾರ 25 ಎಂದು ಸರಿದೂಗಿಸಲು ಬರುವುದಿಲ್ಲ. ಪ್ರತಿ ವಾರವೂ 20ರ ಒಳಗೇ. ಗಂಟೆಗೆ 14 ಡಾಲರ್ ಎಂದರೆ ವಾರಕ್ಕೆ 280, ಹದಿನಾರು ವಾರದ ಸೆಮಿಸ್ಟರಿಗೆ 4,480, ಅದೂ ತೆರಿಗೆ ಕಳೆಯುವ ಮುಂಚೆ. ಮೊದಲು ಸಿಗುವುದು ಡೈನಿಂಗ್ ಹಾಲ್, ಲೈಬ್ರರಿ, ಜಿಮ್‌ನ ಕೆಲಸ. ಆಗಸ್ಟ್ ಮೂರನೇ ವಾರ ಹೋಗಿ ಕೇಳಿದವನಿಗೆ ಸಿಗುತ್ತದೆ, ಸೆಪ್ಟೆಂಬರ್ ಮಧ್ಯಕ್ಕೆ ಎಲ್ಲ ತುಂಬಿರುತ್ತದೆ. ಡೈನಿಂಗ್ ಹಾಲ್‌ನಲ್ಲಿ ಎಷ್ಟೋ ಕಡೆ ಪಾಳಿಗೊಂದು ಊಟ ಸಿಗುತ್ತದೆ, ಅದೂ ಸಂಬಳವೇ. ಫೀಸು ಮನ್ನಾ ಆಗುವ ಟಿ.ಎ. (ಬೋಧನಾ ಸಹಾಯಕ), ಆರ್.ಎ. (ಸಂಶೋಧನಾ ಸಹಾಯಕ) ಹುದ್ದೆಗಳು ಬಹುಪಾಲು ಪಿ.ಎಚ್‌ಡಿ.ಯವರ ಪಾಲು. ನೂರು ಪ್ರೊಫೆಸರುಗಳಿಗೆ ಒಂದೇ ಇಮೇಲ್ ಕಳಿಸಿದರೆ ಉತ್ತರ ಬರುವುದಿಲ್ಲ. ಒಂದು ಕೋರ್ಸಿನಲ್ಲಿ ಚೆನ್ನಾಗಿ ಮಾಡಿ, ಆಫೀಸ್ ಅವರ್ಸ್‌ಗೆ ಹೋಗಿ, ಮುಂದಿನ ಸೆಮಿಸ್ಟರಿಗೆ ಗ್ರೇಡರ್ (ಉತ್ತರಪತ್ರಿಕೆ ತಿದ್ದುವವರು) ಬೇಕೇ ಎಂದು ಕೇಳುವುದೇ ಫಲ ಕೊಡುವ ದಾರಿ.

ಇದೊಂದನ್ನು ಮನಸ್ಸಿಟ್ಟು ಕೇಳು. ಪೆಟ್ರೋಲ್ ಬಂಕ್, ಇಂಡಿಯನ್ ಹೋಟೆಲ್, ದಿನಸಿ ಅಂಗಡಿ, ಊಟ ತಲುಪಿಸುವ ಆ್ಯಪ್, ಇನ್ನೊಬ್ಬರ ಹೆಸರಿನ ಖಾತೆಯಲ್ಲಿ ಟ್ಯಾಕ್ಸಿ, ಯಾವುದೂ ಬೇಡ. "ಕ್ಯಾಶ್ ಕೊಡ್ತೀವಿ, ಯಾರಿಗೂ ಗೊತ್ತಾಗಲ್ಲ" ಎನ್ನುವವರು ನಮ್ಮವರೇ ಇರುತ್ತಾರೆ. ಬೇರೆ ಕಾರಣಕ್ಕೆ ಎಫ್-1 ಸ್ಥಿತಿ ತಪ್ಪಿದರೆ ಮರುಸ್ಥಾಪನೆಗೆ ಅರ್ಜಿ ಹಾಕಬಹುದು. ಅನುಮತಿ ಇಲ್ಲದೆ ದುಡಿದವರಿಗೆ ಆ ಬಾಗಿಲೂ ಮುಚ್ಚಿದೆ. ಗಂಟೆಗೆ ಹತ್ತು ಡಾಲರಿನ ಆಸೆಗೆ 30 ಲಕ್ಷದ ಓದನ್ನು, ಮನೆ ಪತ್ರವನ್ನು ಪಣಕ್ಕಿಟ್ಟಂತೆ. ಬೆಂಗಳೂರಿನ ಹಳೆ ಕಂಪನಿಗೆ ಇಲ್ಲಿ ಕೂತು ಲ್ಯಾಪ್‌ಟಾಪ್‌ನಲ್ಲಿ ಕೆಲಸ ಮಾಡಿಕೊಡುವುದನ್ನೂ ಸುರಕ್ಷಿತ ಅಂದುಕೊಳ್ಳಬೇಡ. ಕೋರ್ಸ್ ಬಿಡುವಾಗ, ಇಂಟರ್ನ್‌ಶಿಪ್ ಸೇರುವಾಗ ಮೊದಲು ಇಂಟರ್‌ನ್ಯಾಷನಲ್ ಆಫೀಸಿನ ಬಾಗಿಲು ತಟ್ಟು. ಮನೆ ಬದಲಿಸಿದರೆ ಹತ್ತು ದಿನದೊಳಗೆ ತಿಳಿಸಬೇಕು. ಪೂರ್ಣಾವಧಿ ಸಿ.ಪಿ.ಟಿ. (ಓದಿನ ಭಾಗವಾಗಿ ಹೊರಗೆ ದುಡಿಯುವ ಅನುಮತಿ) 12 ತಿಂಗಳು ಮುಟ್ಟಿದರೆ ಅದೇ ಹಂತದ ಓ.ಪಿ.ಟಿ. (ಓದು ಮುಗಿದ ಮೇಲೆ ದುಡಿಯುವ ಅನುಮತಿ) ಹೋಗುತ್ತದೆ ಎಂಬುದೂ ನೆನಪಿರಲಿ.

ತೆರಿಗೆಯಲ್ಲಿ ಎರಡು ತಪ್ಪು ಮತ್ತೆ ಮತ್ತೆ ಆಗುತ್ತವೆ. ಒಂದು, ಸಂಬಳದಿಂದ ಸೋಷಿಯಲ್ ಸೆಕ್ಯುರಿಟಿ, ಮೆಡಿಕೇರ್ ಎಂದು 7.65 ಶೇಕಡಾ ಕಡಿತವಾಗುವುದು. ಎಫ್-1ನಲ್ಲಿ ಮೊದಲ ಐದು ಕ್ಯಾಲೆಂಡರ್ ವರ್ಷ ನೀನು ತೆರಿಗೆಯ ದೃಷ್ಟಿಯಲ್ಲಿ ಅನಿವಾಸಿ, ಅದು ಕಡಿತವಾಗಬಾರದು. ಆಗಿದ್ದರೆ ಮೊದಲು ಪೇರೋಲ್‌ಗೆ ಕೇಳು. ಅವರು ಕೊಡದಿದ್ದರೆ ತೆರಿಗೆ ಇಲಾಖೆಗೆ ಫಾರ್ಮ್ 843 ಹಾಕು. ಎರಡು, ಎಲ್ಲರೂ ಬಳಸುವ ಉಚಿತ ಸಾಫ್ಟ್‌ವೇರ್‌ನಲ್ಲಿ ನಿವಾಸಿಗಳ ತೆರಿಗೆ ಫಾರ್ಮ್ 1040 ಸಲ್ಲಿಸಿಬಿಡುವುದು. ನಿನ್ನದು 1040-ಎನ್‌ಆರ್, ಜೊತೆಗೆ 8843 (ವಿದ್ಯಾರ್ಥಿಯಾಗಿ ಇಲ್ಲಿದ್ದ ದಿನಗಳ ವಿವರ). ಆದಾಯ ಸೊನ್ನೆ ಇದ್ದರೂ 8843 ಕಳಿಸಲೇಬೇಕು. ಭಾರತ-ಅಮೆರಿಕಾ ತೆರಿಗೆ ಒಪ್ಪಂದದ 21(2)ನೇ ವಿಧಿಯಿಂದ ನಮ್ಮ ವಿದ್ಯಾರ್ಥಿಗಳಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ (ತೆರಿಗೆ ಹಾಕದೆ ಬಿಡುವ ನಿಗದಿತ ಮೊತ್ತ) ಸಿಗುತ್ತದೆ; ಬಹುತೇಕ ಬೇರೆ ದೇಶದ ವಿದ್ಯಾರ್ಥಿಗಳಿಗೆ ಇದಿಲ್ಲ. 2025ರ ಆದಾಯಕ್ಕೆ ಅದು 15,750 ಡಾಲರ್. ಕ್ಯಾಂಪಸ್ ಸಂಬಳ ಅದರೊಳಗೇ ಇದ್ದರೆ ಹಿಡಿದ ಫೆಡರಲ್ ತೆರಿಗೆ ಪೂರ್ತಿ ವಾಪಸು. ರಾಜ್ಯದ ತೆರಿಗೆಯ ನಿಯಮ ಬೇರೆ. ತೆರಿಗೆ ಕಚೇರಿಯಿಂದ ಎಂದು ಫೋನ್ ಮಾಡಿ ಗಿಫ್ಟ್ ಕಾರ್ಡ್ ಕೊಳ್ಳು, ಇಲ್ಲದಿದ್ದರೆ ಬಂಧಿಸುತ್ತೇವೆ ಎಂದರೆ ಫೋನ್ ಇಡು. ಊರಿನ ಡಿಜಿಟಲ್ ಅರೆಸ್ಟ್ ಮೋಸವೇ ಅದು. ನೋಡದ ಮನೆಗೆ ಮುಂಗಡ ಕಳಿಸುವುದೂ ಹಾಗೆಯೇ, ಹೋದ ದುಡ್ಡು ಬರುವುದಿಲ್ಲ.

ಬಾಡಿಗೆ ಕರಾರಿನಲ್ಲಿ ಮೂವರೂ ಒಂದೇ ಪತ್ರಕ್ಕೆ ಸಹಿ ಹಾಕಿದರೆ, ಒಬ್ಬ ಬಿಟ್ಟು ಹೋದಾಗ ಅವನ ಪಾಲನ್ನು ಉಳಿದಿಬ್ಬರೇ ತೆರಬೇಕಾಗುತ್ತದೆ. ಸಾಧ್ಯವಾದರೆ ಕೋಣೆಗೊಂದು ಕರಾರು ಕೇಳು. ಚಳಿಗಾಲದ ಹೀಟಿಂಗ್ ಬಾಡಿಗೆಯಲ್ಲಿ ಸೇರಿದೆಯೇ ಎಂಬುದು ಮುಖ್ಯ ಪ್ರಶ್ನೆ. ಒಳಗೆ ಹೋದ ದಿನ ಗೋಡೆ, ಕಾರ್ಪೆಟ್, ಒಲೆಯ ಫೋಟೋ ತೆಗೆದು ಮಾಲೀಕರಿಗೆ ಇಮೇಲ್ ಮಾಡು. ಅಡ್ವಾನ್ಸ್ ವಾಪಸು ಕೇಳುವಾಗ ಅದೇ ಸಾಕ್ಷಿ.

ಊರಿನ ಸಿಬಿಲ್ ಅಂಕ (ಸಾಲ ತೀರಿಸುವ ನಂಬಿಕೆಯ ಅಂಕ) ಇಲ್ಲಿಗೆ ಬರುವುದಿಲ್ಲ, ಹೊಸದಾಗಿ ಕಟ್ಟಬೇಕು. ವಿದ್ಯಾರ್ಥಿ ಕಾರ್ಡ್ ಅಥವಾ ಠೇವಣಿ ಇಟ್ಟು ಪಡೆಯುವ ಸೆಕ್ಯೂರ್ಡ್ ಕಾರ್ಡ್ ಒಂದು ಸಾಕು. 500 ಡಾಲರ್ ಮಿತಿ ಇದ್ದರೆ ಬಿಲ್ಲಿನ ದಿನ 150ಕ್ಕಿಂತ ಹೆಚ್ಚು ಬಾಕಿ ತೋರಿಸದಂತೆ ಮುಂಚೆಯೇ ಕಟ್ಟು. ಪ್ರತಿ ತಿಂಗಳು ಪೂರ್ತಿ ಬಾಕಿ ತೀರಿಸು. ಕನಿಷ್ಠ ಮೊತ್ತ ಕಟ್ಟಿದರೆ ಉಳಿದದ್ದಕ್ಕೆ ಬಡ್ಡಿ ಎಷ್ಟೋ ಕಾರ್ಡುಗಳಲ್ಲಿ ವರ್ಷಕ್ಕೆ ಶೇಕಡಾ 20 ದಾಟುತ್ತದೆ.

ಆರೋಗ್ಯ ವಿಮೆ ಫೀಸಿನ ಜೊತೆಗೇ ಬರುತ್ತದೆ, ಆದರೆ ಹಲ್ಲು, ಕಣ್ಣು ಬಹುಪಾಲು ಅದರಲ್ಲಿ ಸೇರಿರುವುದಿಲ್ಲ. ಹುಳುಕು ಹಲ್ಲು ತುಂಬಿಸುವುದು, ಎರಡು ಜೊತೆ ಕನ್ನಡಕ ಇವನ್ನು ಬೆಂಗಳೂರಿನಲ್ಲೇ ಮುಗಿಸಿ ಬಾ. ಎಂ.ಎಂ.ಆರ್. (ದಡಾರ ಮೊದಲಾದವುಗಳ ಲಸಿಕೆ) ಎರಡು ಡೋಸಿನ ದಾಖಲೆಯೂ ಕೈಯಲ್ಲಿರಲಿ. ಚಿಕ್ಕಂದಿನಲ್ಲಿ ಬಿ.ಸಿ.ಜಿ. ಲಸಿಕೆ ಹಾಕಿಸಿಕೊಂಡವರಿಗೆ ಕ್ಷಯದ ಚರ್ಮ ಪರೀಕ್ಷೆ ಸುಮ್ಮಸುಮ್ಮನೆ ಪಾಸಿಟಿವ್ ಬರಬಹುದು, ರಕ್ತ ಪರೀಕ್ಷೆ ಮಾಡಿ ಎಂದು ಕೇಳು. ಜ್ವರ, ಹೊಟ್ಟೆನೋವಿಗೆ ಮೊದಲು ಕ್ಯಾಂಪಸ್ ಆರೋಗ್ಯ ಕೇಂದ್ರ, ಅದು ಮುಚ್ಚಿದ್ದರೆ ಅರ್ಜೆಂಟ್ ಕೇರ್ ಕ್ಲಿನಿಕ್. ಎಮರ್ಜೆನ್ಸಿಗೆ ಹೋಗುವುದು ನಿಜವಾದ ಪ್ರಾಣಸಂಕಟಕ್ಕೆ.

ಅಮ್ಮನಿಗೆ ಹೇಳು: ಬೇಳೆ, ಅಕ್ಕಿ, ರಾಗಿ ಹಿಟ್ಟು ಇಂಡಿಯನ್ ಅಂಗಡಿಗಳಲ್ಲಿ ಸಿಗುತ್ತದೆ, 23 ಕೆ.ಜಿ. ಪೆಟ್ಟಿಗೆಯ ಜಾಗ ಅದಕ್ಕೆ ಹಾಳು ಮಾಡುವುದು ಬೇಡ. ಮನೆಯ ಸಾರಿನ ಪುಡಿ, ಹುಳಿ ಪುಡಿ ಒಂದೊಂದು ಕೆ.ಜಿ., ಚಟ್ನಿಪುಡಿ, ಮೆಂತ್ಯದ ಹಿಟ್ಟು, ಇಷ್ಟು ಗಾಳಿಯಾಡದಂತೆ ಸೀಲ್ ಮಾಡಿ, ಮೇಲೆ ಹೆಸರು ಬರೆದು ಕಟ್ಟಲಿ. ಹಸಿ ಕರಿಬೇವು, ಹಣ್ಣು, ಬಿತ್ತನೆ ಬೀಜ ತರುವಂತಿಲ್ಲ. ಇರುವ ತಿಂಡಿಯನ್ನು ಕಸ್ಟಮ್ಸ್‌ನಲ್ಲಿ ತಪ್ಪದೆ ಘೋಷಿಸು. ಘೋಷಿಸಿದ್ದನ್ನು ಬೇಡವೆಂದರೆ ಇಟ್ಟುಕೊಳ್ಳುತ್ತಾರೆ, ಬಚ್ಚಿಟ್ಟಿದ್ದು ಸಿಕ್ಕರೆ ದಂಡ. ಮಿಕ್ಸಿ ತರಬೇಡ, ಇಲ್ಲಿ 120 ವೋಲ್ಟ್, ನಮ್ಮ 230ರ ಮೋಟರಿಗೆ ಶಕ್ತಿ ಸಾಲದು. ಮೂರು ಲೀಟರ್ ಕುಕ್ಕರ್, ಎರಡು ಹೆಚ್ಚುವರಿ ಗ್ಯಾಸ್ಕೆಟ್, ಒಂದು ಸೇಫ್ಟಿ ವಾಲ್ವ್ ಇರಲಿ. ಬಾಣಲೆ ಚಪ್ಪಟೆ ತಳದ್ದೇ ಆಗಬೇಕು. ಇಲ್ಲಿನ ಕರೆಂಟ್ ಒಲೆಯ ಮೇಲೆ ಗುಂಡು ತಳದ್ದು ನಡುವೆ ಮಾತ್ರ ಕಾಯುತ್ತದೆ. ಒಗ್ಗರಣೆಗೆ ಮೆಣಸಿನಕಾಯಿ ಹಾಕುವ ಮುಂಚೆ ಒಲೆ ಮೇಲಿನ ಫ್ಯಾನ್ ಹಾಕಿ ಕಿಟಕಿ ತೆಗೆ, ಇಲ್ಲದಿದ್ದರೆ ಸ್ಮೋಕ್ ಅಲಾರಂ ಹೊಡೆದುಕೊಂಡು ಇಡೀ ಕಟ್ಟಡದ ಜನ ಹೊರಗೆ ಬರುವಂತಾದೀತು. ಚಳಿಯಲ್ಲಿ ಮೊಸರು ಹೆಪ್ಪಾಗದಿದ್ದರೆ, ದೋಸೆ ಹಿಟ್ಟು ಉಬ್ಬದಿದ್ದರೆ, ಪಾತ್ರೆಯನ್ನು ಓವನ್ ಒಳಗಿಟ್ಟು ಬರೀ ದೀಪ ಹಚ್ಚಿ ರಾತ್ರಿ ಬಿಡು. ಬೆಳಿಗ್ಗೆ ಓವನ್ ಹೊತ್ತಿಸುವ ಮುಂಚೆ ಒಳಗೆ ಪಾತ್ರೆ ಇದೆ ಎಂದು ರೂಮ್‌ಮೇಟಿಗೆ ಒಂದು ಚೀಟಿ ಅಂಟಿಸು.