ಒಂದೇ ಬಾಣಂತನದ ಲೆಕ್ಕ

ಓದುಗಿಯೊಬ್ಬರ ಪತ್ರ: "ನನಗೆ 31 ವರ್ಷ. ಮೊದಲ ಸಲ ಐವಿಎಫ್ (ಲ್ಯಾಬಿನಲ್ಲಿ ಭ್ರೂಣ ಬೆಳೆಸಿ ಗರ್ಭಕೋಶಕ್ಕೆ ಹಾಕುವ ಚಿಕಿತ್ಸೆ) ಮಾಡಿಸಿಕೊಳ್ಳುತ್ತಿದ್ದೇನೆ. ನಾಲ್ಕು ಒಳ್ಳೆಯ ಭ್ರೂಣ ಸಿಕ್ಕಿವೆ. ಡಾಕ್ಟರು ಒಂದೇ ಹಾಕೋಣ ಅನ್ನುತ್ತಾರೆ. ಎರಡು ಹಾಕಿಸು, ಅವಳಿಯಾದರೆ ಒಂದೇ ಬಾಣಂತನದಲ್ಲಿ ಎಲ್ಲ ಮುಗಿಯುತ್ತೆ ಅನ್ನೋದು ಮನೆಯವರ ಮಾತು. ನನಗೂ ಹಾಗೇ ಅನ್ನಿಸುತ್ತಿದೆ. ನೀವೇನು ಹೇಳುತ್ತೀರಿ?"

ಉತ್ತರ: ನನ್ನ ಓಟು ನಿಮ್ಮ ಡಾಕ್ಟರಿಗೆ.

ಮನೆಯವರ ಆಸೆ ಅರ್ಥವಾಗುತ್ತೆ. ಇಷ್ಟೊಂದು ಇಂಜೆಕ್ಷನ್, ಇಷ್ಟೊಂದು ಖರ್ಚು ಆದಮೇಲೆ 'ಇನ್ನೊಂದು ಸಲ' ಅನ್ನುವ ಮಾತು ಯಾರಿಗೂ ಬೇಡ. ವಯಸ್ಸು 40ರ ಹತ್ತಿರ ಬಂದವರಿಗೆ, ಎರಡು ಮೂರು ಸಲ ಕೈಕೊಟ್ಟವರಿಗೆ ಎರಡು ಹಾಕುವುದೂ ಉಂಟು. ನೀವು ಆ ಸಾಲಿನವರಲ್ಲ.

ಆ 'ಮುಗಿಯುತ್ತೆ' ಅನ್ನುವ ಪದವೇ ನನ್ನನ್ನು ಕೆಣಕಿದ್ದು. ನನ್ನ ತಂಗಿಗೆ ಎರಡು ಹಾಕಿದ್ದರು. ಎರಡೂ ನಿಂತವು, ಮನೆಯಲ್ಲಿ ಸಂಭ್ರಮವೋ ಸಂಭ್ರಮ. 30ನೇ ವಾರಕ್ಕೇ ಹೆರಿಗೆ. ಇನ್‌ಕ್ಯುಬೇಟರ್ ಅನ್ನುವ ಗಾಜಿನ ಪೆಟ್ಟಿಗೆಯ ಪಕ್ಕದ ಕಿಂಡಿಯೊಳಗೆ ಕೈ ತೂರಿಸಿ ಮಗುವನ್ನು ಮುಟ್ಟಬೇಕು. ಅದರ ತೋಳು ನನ್ನ ಹೆಬ್ಬೆರಳಿನಷ್ಟಿತ್ತು. ಮೂಗಿನಿಂದ ಹೊಟ್ಟೆಗೆ ಇಳಿಸಿದ ನಳಿಗೆಗೆ ಸಿರಿಂಜ್ ಸಿಕ್ಕಿಸಿ, ಎರಡು ಮಿಲಿ ಹಾಲು ತಾನಾಗೇ ಇಳಿಯಲಿ ಅಂತ ನರ್ಸ್ ಕೈ ಎತ್ತಿ ಹಿಡಿದು ನಿಂತಿರುತ್ತಿದ್ದರು. ತಂಗಿ ಒಂದು ಪೆಟ್ಟಿಗೆಯ ಮುಂದೆ ನಿಂತರೆ ಇನ್ನೊಂದರ ಮೆಷಿನ್ ಕೂಗುತ್ತಿತ್ತು. ಆರು ವಾರ ಹೀಗೇ. ಇಬ್ಬರೂ ಈಗ ಹೈಸ್ಕೂಲಿನಲ್ಲಿದ್ದಾರೆ, ಜಗಳವಾಡಿಕೊಂಡು ಚೆನ್ನಾಗಿದ್ದಾರೆ. ಎಲ್ಲರ ಅದೃಷ್ಟ ಹಾಗಿರಲ್ಲ.

ಅವಳಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು 37 ವಾರ ತುಂಬುವ ಮೊದಲೇ ಹುಟ್ಟುತ್ತವೆ. ತಾಯಿಗೆ ಬಿಪಿ ಏರುವುದು, ಹೆರಿಗೆಯಲ್ಲಿ ರಕ್ತ ಜಾಸ್ತಿ ಹೋಗುವುದು ಬೇರೆ.

ಒಂದೇ ಹಾಕಿದರೆ ಅವಕಾಶ ಅರ್ಧವಾಗುತ್ತೆ ಅಂದುಕೊಂಡಿದ್ದೀರಿ, ಅಲ್ವಾ? ಸ್ಕ್ಯಾಂಡಿನೇವಿಯಾದಲ್ಲಿ 36 ದಾಟದ 661 ಹೆಂಗಸರ ಮೇಲೆ ಒಂದು ಅಧ್ಯಯನ ನಡೆದಿತ್ತು, 2004ರಲ್ಲಿ ಪ್ರಕಟವಾಯಿತು. ಒಟ್ಟಿಗೆ ಎರಡು ಹಾಕಿಸಿಕೊಂಡವರಲ್ಲಿ ಸುಮಾರು 43% ಜನರಿಗೆ ಮಗುವಾಯಿತು. ಒಂದು ಹಾಕಿ, ನಿಲ್ಲದಿದ್ದರೆ ಫ್ರೀಜ್ ಮಾಡಿಟ್ಟ ಇನ್ನೊಂದನ್ನು ಹಾಕಿದವರಲ್ಲಿ 39%. ವ್ಯತ್ಯಾಸ ಅಷ್ಟೇ. ಆದರೆ ಮೊದಲ ಗುಂಪಿನ ಹೆರಿಗೆಗಳಲ್ಲಿ ಮೂರಕ್ಕೊಂದು ಅವಳಿ, ಎರಡನೆಯದರಲ್ಲಿ ನೂರಕ್ಕೆ ಒಂದೂ ಇಲ್ಲ. (ಒಂದೇ ಭ್ರೂಣ ಸೀಳಿ ಅವಳಿಯಾಗುವುದೂ ಇದೆ, ಅಪರೂಪಕ್ಕೆ.) 1978ರಲ್ಲಿ ಹುಟ್ಟಿದ ಮೊದಲ ಐವಿಎಫ್ ಮಗು ಲೂಯಿಸ್ ಬ್ರೌನ್ ಕೂಡ ಒಂದೇ ಭ್ರೂಣದ ಮಗು.

ನನ್ನ ನಿಜವಾದ ಸಿಟ್ಟು ನಿಮ್ಮ ಮೇಲಲ್ಲ. ಐವಿಎಫ್ ಆಸ್ಪತ್ರೆಗಳ ಜಾಹೀರಾತುಗಳಲ್ಲಿ ಎಷ್ಟು ಟೆಸ್ಟ್ ಪಾಸಿಟಿವ್ ಬಂತು ಅಂತ ದಪ್ಪ ಅಕ್ಷರದಲ್ಲಿ ಹಾಕುತ್ತಾರೆ. ಎಷ್ಟು ಮಕ್ಕಳು ದಿನ ತುಂಬಿ ಹುಟ್ಟಿದವು ಅಂತ ಯಾಕೆ ಹಾಕಲ್ಲ? ಜೇಬಿನಿಂದ ದುಡ್ಡು ಸುರಿಯುವವರು ಒಂದೇ ಸಲಕ್ಕೆ ಎಲ್ಲ ಪಣಕ್ಕಿಡುತ್ತಾರೆ, ಇನ್ನೇನು ಮಾಡುತ್ತಾರೆ! ಬೆಲ್ಜಿಯಂ 2003ರಲ್ಲೇ ಇದನ್ನು ಅರ್ಥ ಮಾಡಿಕೊಂಡಿತು. ಆರು ಸಲದವರೆಗೆ ಲ್ಯಾಬ್ ಖರ್ಚು ನಮ್ಮದು, ವಯಸ್ಸು 36ರ ಒಳಗಿದ್ದರೆ ಮೊದಲ ಸಲ ಒಂದೇ ಭ್ರೂಣ ಅಂತ ಷರತ್ತು ಹಾಕಿತು. ಅಲ್ಲಿ ಅವಳಿ ಹೆರಿಗೆ ಇಳಿಯಿತು.

ನಾಳೆ ಡಾಕ್ಟರ ಹತ್ತಿರ ಹೋದಾಗ ಉಳಿದ ಮೂರನ್ನು ಫ್ರೀಜ್ ಮಾಡಿಡಲು ವರ್ಷಕ್ಕೆ ಎಷ್ಟು, ಮುಂದೆ ಒಂದನ್ನು ತೆಗೆದು ಹಾಕಲು ಎಷ್ಟು ಅಂತ ಕೇಳಿ, ಬರೆಸಿಕೊಂಡು ಬನ್ನಿ. ಆ ಚೀಟಿಯನ್ನು ಮನೆಯವರ ಕೈಗೂ ಕೊಡಿ.